ವಾಕರ್, ಫುಲ್ಲರ್, ಟಕ್ಕರ್: ಒಂದೇ ಕಸುಬಿನ ಮೂರು ಅಡ್ಡಹೆಸರು, ಅವುಗಳ ಊರುಗಳು

ಪದಕಣಜ:
ವಾಕರ್ ಎಂಬ ಇಂಗ್ಲಿಷ್ ಅಡ್ಡಹೆಸರಿಗೂ ನಡೆಯುವುದಕ್ಕೂ ನೇರ ಸಂಬಂಧವಿಲ್ಲ, ಅದು ಉಣ್ಣೆಬಟ್ಟೆ ತುಳಿಯುವವನ ಹೆಸರು, ಫುಲ್ಲರ್ ಮತ್ತು ಟಕ್ಕರ್ ಕೂಡ ಅದೇ ಕಸುಬಿನವು ಎಂದು ಅಡ್ಡಹೆಸರಿನ ಕೋಶಗಳು ಹೇಳುತ್ತವೆ. ಇದರಲ್ಲಿ ಮೂರು ವಿಷಯ ಬಿಡಿಸಿ ಹೇಳುವವರು ಬೇಕು. ಒಂದು, ಬಟ್ಟೆ ತುಳಿಯುವುದೇ ಒಂದು ಕಸುಬಾಗುವಷ್ಟು ಅದರಲ್ಲಿ ಏನಿತ್ತು? ಎರಡು, ಒಂದೇ ಕೆಲಸಕ್ಕೆ ಮೂರು ಹೆಸರು ಏಕೆ? ಮೂರು, ಇಂಗ್ಲೆಂಡಿನ ನಕಾಶೆಯಲ್ಲಿ ವಾಕರ್, ವಾಕರ್‌ಗೇಟ್, ವಾಕರ್ನ್, ವಾಕರಿತ್, ಫುಲ್ಲರ್ಟನ್, ಟಕಿಂಗ್‌ಮಿಲ್ ಎಂಬ ಊರುಗಳಿವೆ. ಇವೆಲ್ಲ ಬಟ್ಟೆ ತುಳಿಯುವವರು ಕಟ್ಟಿದ ಊರುಗಳೇ?

ತುಪ್ಪಟ:
ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ಕಸುಬು ತಿಳಿಯದಿದ್ದರೆ ಹೆಸರುಗಳು ಅರ್ಥವಾಗುವುದಿಲ್ಲ.

ಮಗ್ಗದಿಂದ ಇಳಿದ ಉಣ್ಣೆಬಟ್ಟೆ ಉಡಲು ಯೋಗ್ಯವಲ್ಲ. ನೂಲುವಾಗ ಎಳೆ ಸಲೀಸಾಗಿ ಜಾರಲೆಂದು ಎಣ್ಣೆಯನ್ನೋ ಬೆಣ್ಣೆಯನ್ನೋ ಸವರಿರುತ್ತಾರೆ. ಹಾಸಿನ ಎಳೆ ತುಂಡಾಗದಿರಲೆಂದು ಅಂಟು ಹಾಕಿರುತ್ತಾರೆ. ಕುರಿಯ ಮೈಯ ಜಿಡ್ಡು ಅಷ್ಟಿಷ್ಟು ಉಳಿದೇ ಇರುತ್ತದೆ. ಜೊತೆಗೆ ನೇಯ್ಗೆ ಎಷ್ಟು ಸಡಿಲವೆಂದರೆ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಜಿಡ್ಡು ತೆಗೆಯುವುದು, ಬಟ್ಟೆಯನ್ನು ಕುಗ್ಗಿಸಿ ದಟ್ಟ ಮಾಡುವುದು, ಈ ಎರಡೂ ಸೇರಿ ಆ ಕಸುಬು.

ಕ್ರಮ ಹೀಗೆ. ಮೊದಲು ಬಟ್ಟೆಯನ್ನು ಹರಡಿ ಗಂಟು, ಕಡ್ಡಿ, ಸಿಪ್ಪೆಗಳನ್ನು ಚಿಮಟದಿಂದ ಆರಿಸಿ ತೆಗೆಯಬೇಕು. ಗಂಟು ಒಳಗೇ ಉಳಿದರೆ ಹೊಡೆತ ಬೀಳುವಾಗ ಅದರ ಸುತ್ತಲೇ ತೂತು ಬೀಳುತ್ತದೆ. ಆಮೇಲೆ ಹಳಸಿದ ಮೂತ್ರದಲ್ಲಿ ನೆನೆಸಿ ತೊಳೆಯುವುದು. ಮನೆಮನೆಯಿಂದ ಮೂತ್ರ ಸಂಗ್ರಹಿಸಿ ಪೀಪಾಯಿಗಳಲ್ಲಿ ವಾರಗಟ್ಟಲೆ ಇಡುತ್ತಿದ್ದರು. ತಾಜಾ ಮೂತ್ರ ಕೆಲಸಕ್ಕೆ ಬಾರದು. ಅದರಲ್ಲಿನ ಯೂರಿಯಾ ಬ್ಯಾಕ್ಟೀರಿಯಾದಿಂದ ಒಡೆದು ಅಮೋನಿಯಾ ಆಗಬೇಕು, ಆಗಲೇ ಅದು ಜಿಡ್ಡಿನ ಜೊತೆ ಸೇರಿ ಸಾಬೂನಿನಂತೆ ನೊರೆಗಟ್ಟುತ್ತದೆ. ಕ್ಷಾರ ತೀರಾ ಬಲವಾದರೆ ಉಣ್ಣೆಯೇ ಕರಗುತ್ತದೆ. ಸುಣ್ಣ, ಬಲವಾದ ಬೂದಿನೀರು ಬಳಸಿದವರ ಬಟ್ಟೆ ಹಾಳಾಗುತ್ತಿದ್ದುದು ಇದರಿಂದಲೇ. ಅಮೋನಿಯಾ ಮೆದು ಕ್ಷಾರವಾದ್ದರಿಂದ ಉಣ್ಣೆಗೆ ಅದೇ ಕ್ಷೇಮ.

ಮೂರನೆಯದು ಜೇಡಿ. ಫುಲ್ಲರನ ಮಣ್ಣು ಎಂದು ಇಂಗ್ಲಿಷಿನಲ್ಲಿ ಕರೆಯುವ ಈ ಜೇಡಿಯೇ ನಮ್ಮ ಅಂಗಡಿಗಳಲ್ಲಿ ಮುಖಕ್ಕೆ ಹಚ್ಚಲು ಸಿಗುವ ಮುಲ್ತಾನಿ ಮಿಟ್ಟಿಯ ಜಾತಿಯದು. ಮಾಂಟ್‌ಮೊರಿಲೊನೈಟ್ ಎಂಬ ಪದರಪದರದ ಖನಿಜ ಇದರಲ್ಲಿ ಹೇರಳ. ಎಣ್ಣೆ, ಬಣ್ಣ ಎರಡನ್ನೂ ಹೀರುತ್ತದೆ. ಒಣಗಿಸಿ, ನೀರಿಗೆ ಹಾಕಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಬಗ್ಗಡವನ್ನಷ್ಟೇ ಬಳಸಬೇಕು. ಒಂದು ಹರಳು ಉಳಿದರೂ ಅದು ಬಟ್ಟೆಯನ್ನು ಕೊಯ್ಯುತ್ತದೆ. ತುಳಿದಾದ ಮೇಲೆ ಹರಿಯುವ ನೀರಿನಲ್ಲಿ ಮಣ್ಣಿನ ಕಣ ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಸರಿಯಾಗಿ ಜಾಲಿಸದ ಬಟ್ಟೆ ಬಣ್ಣದ ತೊಟ್ಟಿಯಲ್ಲಿ ತೇಪೆತೇಪೆಯಾಗಿ ಬಣ್ಣ ಹಿಡಿಯುತ್ತದೆ.

ಕೊನೆಗೆ ನಿಜವಾದ ತುಳಿತ. ಬೆಚ್ಚಗಿನ ನೀರು, ಸಾಬೂನು, ಮತ್ತೆ ಮತ್ತೆ ಹೊಡೆತ. ಉಣ್ಣೆಯ ಎಳೆಯ ಮೈಮೇಲೆ ತುದಿಯತ್ತ ಬಾಗಿದ ಸೂಕ್ಷ್ಮ ಪೊರೆಗಳಿವೆ. ಗೋದಿಯ ತೆನೆಯನ್ನು ಅಂಗಿಯ ತೋಳಿನೊಳಗೆ ಬುಡ ಮೇಲಾಗಿ ಹಾಕಿದರೆ ಅದು ಮೇಲಕ್ಕಷ್ಟೇ ಏರುವ ಹಾಗೆ, ಪ್ರತಿ ಹೊಡೆತಕ್ಕೂ ಎಳೆ ಬುಡದ ದಿಕ್ಕಿಗೆ ಮಾತ್ರ ಸರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಸಾವಿರಾರು ಎಳೆಗಳು ಹೀಗೆ ಒಂದರೊಳಗೊಂದು ಹೊಕ್ಕು ಸಿಕ್ಕಿಕೊಳ್ಳುತ್ತವೆ. ಬಟ್ಟೆಯ ಅಗಲ ಮೂರನೇ ಒಂದು ಪಾಲೋ ಅದಕ್ಕೂ ಹೆಚ್ಚೋ ಕುಗ್ಗುತ್ತದೆ. ಆದ್ದರಿಂದಲೇ ದೊಡ್ಡ ಅಗಲದ ಬಟ್ಟೆಗೆ ಮಗ್ಗ ಇನ್ನೂ ಅಗಲವಾಗಿರಬೇಕಿತ್ತು, ಒಂದೇ ಮಗ್ಗಕ್ಕೆ ಇಬ್ಬರು ನೇಕಾರರು ಅಕ್ಕಪಕ್ಕ ಕೂರುತ್ತಿದ್ದರು. 1215ರ ಮ್ಯಾಗ್ನಾ ಕಾರ್ಟಾದಲ್ಲೂ ಬಟ್ಟೆಯ ಅಗಲದ ಮಾತಿದೆ: ಅಂಚಿನಿಂದ ಅಂಚಿಗೆ ಎರಡು ಎಲ್ (ಆಗಿನ ಬಟ್ಟೆಯ ಅಳತೆ) ಇರಬೇಕು ಎಂದು.

ಇಲ್ಲಿ ಕೆಡುವುದು ಮುಖ್ಯವಾಗಿ ಮಡಿಕೆಯಿಂದ. ಒಂದೇ ಮಡಿಕೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಆ ಗೆರೆ ಬಟ್ಟೆಯಲ್ಲೇ ಗಟ್ಟಿಯಾಗಿ ಉಳಿಯುತ್ತದೆ, ಯಾವ ಇಸ್ತ್ರಿಗೂ ಹೋಗುವುದಿಲ್ಲ. ಹಾಗಾಗಿ ನಡುನಡುವೆ ಹೊರಗೆಳೆದು, ಕೊಡವಿ, ಬೇರೆ ರೀತಿ ಮಡಿಸಿ ಮತ್ತೆ ಹಾಕಬೇಕು. ಪ್ರತಿ ಸಲ ಅಗಲ ಅಳೆಯಬೇಕು. ಕಡಿಮೆ ಕುಗ್ಗಿದ್ದರೆ ಇನ್ನಷ್ಟು ತುಳಿಯಬಹುದು, ಅತಿಯಾಗಿ ಕುಗ್ಗಿದ್ದನ್ನು ಬಿಡಿಸುವ ಉಪಾಯವಿಲ್ಲ. ನೇಕಾರರ ತಿಂಗಳ ದುಡಿಮೆ ಈ ಒಬ್ಬನ ಕೈಯಲ್ಲಿ ಒಂದು ದಿನದಲ್ಲಿ ಹಾಳಾಗಬಹುದಿತ್ತು. ಅಷ್ಟು ಹೊಣೆಯ ಕೆಲಸ ಹೆಸರಾಗಿ ನಿಂತದ್ದು ಸಹಜ.

ಹಿತ್ತಲಬಾಗಿಲು:
ಅಂದರೆ ನಮ್ಮ ಅಗಸರ ಕೆಲಸವೇ ಅಲ್ಲವೇ?

ತುಪ್ಪಟ:
ಅಲ್ಲ. ಅಗಸರು ಉಟ್ಟ ಬಟ್ಟೆಯನ್ನು ಮಡಿ ಮಾಡುತ್ತಾರೆ. ಇವರದು ಹೊಸ ಬಟ್ಟೆಯನ್ನು ಸಿದ್ಧಪಡಿಸುವ ಕೆಲಸ, ನೇಯ್ಗೆಯ ಮುಂದಿನ ಹಂತ. ಪ್ರಾಚೀನ ರೋಮಿನಲ್ಲಿ ಮಾತ್ರ ಒಂದೇ ಅಂಗಡಿಯವರು ಎರಡನ್ನೂ ಮಾಡುತ್ತಿದ್ದರು. ವೆಸ್ಪಾಸಿಯನ್ ಚಕ್ರವರ್ತಿ ಮೂತ್ರದ ಮೇಲೆ ತೆರಿಗೆ ಹಾಕಿದ್ದ ಪ್ರಸಿದ್ಧ ಸಂಗತಿಯ ಹಿಂದೆ ಇರುವುದೂ ಇಂಥ ಕಸುಬುಗಳೇ.

ಹತ್ತಿಗೆ ಈ ಕೆಲಸ ಬೇಡ, ಮಾಡಿದರೂ ಆಗುವುದಿಲ್ಲ. ಹತ್ತಿಯ ಎಳೆಗೆ ಪೊರೆಗಳಿಲ್ಲ. ನಮ್ಮಲ್ಲಿ ಹತ್ತಿ ನೇಯ್ಗೆಯೇ ಪ್ರಧಾನವಾದ್ದರಿಂದ ಇಂಥ ಪ್ರತ್ಯೇಕ ಕಸುಬಿನ ಹೆಸರೊಂದು ಬೇರೂರಲಿಲ್ಲ. ಉಣ್ಣೆಯದೇ ಆದ ಚಳ್ಳಕೆರೆ ಕಡೆಯ ಕುರುಬರ ಕಂಬಳಿಗೂ ಬಿಗಿ ಬರುವುದು ಹೆಚ್ಚಾಗಿ ಹುಣಸೆ ಬೀಜದ ಸರಿಯಿಂದ.

ಹಳೆದಫ್ತರ:
ಎರಡನೆಯ ಪ್ರಶ್ನೆಗೆ ಬರೋಣ. ಮೂರು ಪದಗಳ ಬೇರು ಬೇರೆಬೇರೆ.

ಫುಲ್ಲರ್ ಬಂದದ್ದು ಲ್ಯಾಟಿನ್ನಿನ ಫುಲ್ಲೊ ಪದದಿಂದ. ನಾರ್ಮನ್ನರು ಬರುವ ಮೊದಲೇ ಹಳೆಯ ಇಂಗ್ಲಿಷಿನಲ್ಲಿ ಫುಲ್ಲೆರೆ ಎಂಬ ರೂಪ ಇತ್ತು, ಆಮೇಲೆ ಫ್ರೆಂಚಿನ ಫೂಲಾನ್, ಫೂಲರ್ ರೂಪಗಳು ಅದಕ್ಕೆ ಬಲ ಕೊಟ್ಟವು. ವಾಕರ್ ಅಪ್ಪಟ ಜರ್ಮಾನಿಕ್. ಹಳೆಯ ಇಂಗ್ಲಿಷಿನಲ್ಲಿ ವೆಯಲ್ಕನ್ ಎಂದರೆ ಉರುಳಿಸು, ಹೊರಳಾಡಿಸು ಎಂದರ್ಥ. ಇಂದು ನಡೆಯುವುದಕ್ಕೆ ಬಳಸುವ ವಾಕ್ ಅದೇ ಬೇರಿನದು, ಆದರೆ ಆ ಅರ್ಥ ಬಂದದ್ದು ತಡವಾಗಿ. ಬಟ್ಟೆ ಹೊರಳಿಸುವ ಅರ್ಥವೇ ಅಡ್ಡಹೆಸರಿನಲ್ಲಿ ಉಳಿದಿದೆ. ಟಕ್ಕರ್‌ನ ಬೇರು ತೂಕಿಯನ್. ಅದರ ಹಳೆಯ ಅರ್ಥ ಪೀಡಿಸು, ಕಾಡಿಸು. ಬಟ್ಟೆಯನ್ನು ಬಡಿದು ಎಳೆದು ಹದ ಮಾಡುವುದಕ್ಕೆ ಆ ಪದ ಬಂತು.

ಇವು ಹಂಚಿಕೊಂಡ ನೆಲವೂ ಬೇರೆ. ಯಾರ್ಕ್‌ಷೈರ್, ಲ್ಯಾಂಕಾಷೈರ್, ಪಶ್ಚಿಮ ಮಿಡ್‌ಲ್ಯಾಂಡ್ಸ್, ಸ್ಕಾಟ್ಲೆಂಡ್ ವಾಕರ್‌ಗಳ ನಾಡು. ಸಸೆಕ್ಸ್, ಕೆಂಟ್, ಎಸೆಕ್ಸ್, ಸಫೋಕ್, ನಾರ್ಫೋಕ್ ಫುಲ್ಲರ್‌ಗಳದು. ಡೆವನ್, ಸಾಮರ್ಸೆಟ್, ಕಾರ್ನ್‌ವಾಲ್ ಟಕ್ಕರ್‌ಗಳದು. 1881ರ ಜನಗಣತಿಯಿಂದ ಮಾಡಿದ ನಕಾಶೆಗಳಲ್ಲೂ ಈ ಗಡಿ ಕಾಣುತ್ತದೆ. ಹೆಸರು ನೆಲೆಗೊಂಡು ಐದಾರು ಶತಮಾನ ಕಳೆದ ಮೇಲೂ! ಬಹುಪಾಲು ಜನ ಹುಟ್ಟಿದ ಸೀಮೆಯಿಂದ ಬಹಳ ದೂರ ಹೋಗುತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

14ನೇ ಶತಮಾನದ ಕೊನೆಯ ವಿಕ್ಲಿಫ್ ಬೈಬಲ್ ಅನುವಾದದಲ್ಲಿ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಫುಲ್ಲರ್ ಎಂದು ಬರೆದು, ಅದರ ಪಕ್ಕದಲ್ಲೇ ಅಥವಾ ವಾಕರ್ ಎಂದು ಸೇರಿಸಿದ್ದಾರೆ. ಒಂದು ಪದ ಒಂದು ಸೀಮೆಯವರಿಗೆ ತಿಳಿದರೆ ಇನ್ನೊಂದು ಸೀಮೆಯವರಿಗೆ ತಿಳಿಯದು ಎಂಬ ಎಚ್ಚರ ಅನುವಾದಕರಿಗೆ ಇತ್ತು.

ಇದೊಂದೇ ಕಸುಬಿನ ವಿಶೇಷವಲ್ಲ. ನೇಕಾರನೂ ಹೀಗೆಯೇ ವೆಬ್, ವೆಬರ್, ವೆಬ್‌ಸ್ಟರ್ ಆದ. ನೈಋತ್ಯದಲ್ಲಿ ವೆಬರ್, ಉತ್ತರದಲ್ಲಿ ವೆಬ್‌ಸ್ಟರ್.

ಈಗ ದಾಖಲೆ ಹುಡುಕುವವರು ಎಡವುವ ಜಾಗ. 12, 13ನೇ ಶತಮಾನದ ತೆರಿಗೆಪಟ್ಟಿ, ನ್ಯಾಯಾಲಯದ ಸುರುಳಿಗಳು ಲ್ಯಾಟಿನ್ನಿನಲ್ಲಿವೆ. ಊರಲ್ಲಿ ಜನ ವಾಕರ್ ಎನ್ನಲಿ, ಟಕ್ಕರ್ ಎನ್ನಲಿ, ಗುಮಾಸ್ತ ಬರೆಯುತ್ತಿದ್ದುದು ಫುಲ್ಲೊ. ಆದ್ದರಿಂದ ಡೆವನ್ನಿನ ಪಟ್ಟಿಯೊಂದರಲ್ಲಿ ಫುಲ್ಲೊ ಕಂಡಿತು, ಹಾಗಾದರೆ ಆ ಮನೆತನ ಫುಲ್ಲರ್ ಎಂದು ತೀರ್ಮಾನಿಸುವುದು ತಪ್ಪು. ಅದೇ ಮನೆಯವರು ಮುಂದಿನ ತಲೆಮಾರಿನ ಇಂಗ್ಲಿಷ್ ದಾಖಲೆಯಲ್ಲಿ ಟಕ್ಕರ್ ಆಗಿ ಕಾಣಬಹುದು. ವ್ಯಕ್ತಿಯ ಹೆಸರಾದ ಮೇಲೆ ಫ್ರೆಂಚಿನ ಲೆ ಎಂದಿದ್ದು, ಆಮೇಲೆ ನಾಡಪದ ಇದ್ದರೆ ಮಾತ್ರ ನೆಚ್ಚಬಹುದು: ಲೆ ವಾಲ್ಕೆರೆ, ಲೆ ಟೂಕೆರೆ, ಲೆ ಫುಲ್ಲೆರೆ ಹೀಗೆ.

ಪದಕಣಜ:
ಲೆ ಎಂದಿದ್ದರೆ ಅವನು ಆ ಕೆಲಸವನ್ನೇ ಮಾಡುತ್ತಿದ್ದ ಎಂದು ಹೇಳಬಹುದೇ, ಅಥವಾ ಅಪ್ಪನಿಂದ ಬಂದ ಹೆಸರಾಗಿರಬಹುದೇ?

ಹಳೆದಫ್ತರ:
1200ರ ಸುಮಾರಿಗೆ ಆದರೆ ಕೆಲಸ ಎನ್ನಬಹುದು. 1350ರ ಹೊತ್ತಿಗೆ ಎರಡೂ ಸಾಧ್ಯ. ದಕ್ಷಿಣದ ಸಿರಿವಂತರಲ್ಲಿ ಅಡ್ಡಹೆಸರು ಮೊದಲು ಗಟ್ಟಿಯಾಯಿತು, ಉತ್ತರದ ಬಡವರಲ್ಲಿ ಕೊನೆಗೆ. ಇದನ್ನು ಪರೀಕ್ಷಿಸಲು ಸಿಗುವ ಒಳ್ಳೆಯ ದಾಖಲೆ 1379ರ ತಲೆಗಂದಾಯದ ಪಟ್ಟಿ. ಯಾರ್ಕ್‌ಷೈರ್‌ನ ವೆಸ್ಟ್ ರೈಡಿಂಗ್‌ನಲ್ಲಿ ಹಲವರ ಹೆಸರಿನ ಜೊತೆ ಕಸುಬನ್ನೂ ಬೇರೆಯಾಗಿ ಬರೆದಿದ್ದಾರೆ. ಹೆಸರೂ ಕಸುಬೂ ಒಂದೇ ಆಗಿದ್ದರೆ ಹೆಸರಿಗೆ ಇನ್ನೂ ಜೀವವಿದೆ. ವಾಕರ್ ಎಂಬ ಹೆಸರಿದ್ದು ಕಸುಬು ಬೇರೆ ಇದ್ದರೆ ಅದು ಆಗಲೇ ಪಿತ್ರಾರ್ಜಿತ.

ಅಲ್ಲಿಂದ ಮುಂದೆ 1538ರವರೆಗೆ ದಾರಿ ಕಷ್ಟ. ಆ ವರ್ಷ ಥಾಮಸ್ ಕ್ರಾಮ್‌ವೆಲ್‌ನ ಆಜ್ಞೆಯಿಂದ ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪುಸ್ತಕ ಶುರುವಾಯಿತು.

ನೀರುಗಾಲಿ:
ಒಂದು ತಿದ್ದುಪಡಿ ಅಗತ್ಯ. ಎಲ್ಲರೂ ತುಳಿಯುವವನು ಎನ್ನುತ್ತಿದ್ದೀರಿ. ಅಡ್ಡಹೆಸರುಗಳು ಗಟ್ಟಿಯಾದ ಕಾಲಕ್ಕೆ ತುಳಿತವನ್ನು ಬಹಳ ಕಡೆ ಕಾಲು ಬಿಟ್ಟು ನೀರು ವಹಿಸಿಕೊಂಡಿತ್ತು.

ಇಂಗ್ಲೆಂಡಿನಲ್ಲಿ ಬಟ್ಟೆ ಬಡಿಯುವ ನೀರುಗಿರಣಿಯ ಮೊದಲ ಸ್ಪಷ್ಟ ದಾಖಲೆ 1185ರದು. ಟೆಂಪ್ಲರ್ ಯೋಧಸಂಘದ ಆಸ್ತಿಗಳ ಸಮೀಕ್ಷೆಯಲ್ಲಿ ಯಾರ್ಕ್‌ಷೈರ್‌ನ ನ್ಯೂಸಮ್ ಮತ್ತು ಗ್ಲಾಸ್ಟರ್‌ಷೈರ್‌ನ ಬಾರ್ಟನ್ ಎಂಬಲ್ಲಿ ಒಂದೊಂದು ಇತ್ತು. ಯಂತ್ರ ಸರಳ. ನೀರುಗಾಲಿಯ ಅಚ್ಚುಮರಕ್ಕೆ ಹಲ್ಲುಗಳಂತೆ ಮರದ ತುಂಡುಗಳನ್ನು ಬಡಿದಿರುತ್ತಾರೆ. ಗಾಲಿ ತಿರುಗಿದಂತೆ ಅವು ಎರಡು ಭಾರಿ ಕೊಡತಿಗಳನ್ನು ಒಂದಾದ ಮೇಲೊಂದರಂತೆ ಎತ್ತಿ ಬಿಡುತ್ತವೆ. ಕೊಡತಿ ಬೀಳುವುದು ಬಟ್ಟೆ ತುಂಬಿದ ಮರದ ದೋಣಿಗೆ. ದೋಣಿಯ ಹಿಂಬದಿ ಬಾಗಿದೆ, ಹಾಗಾಗಿ ಪ್ರತಿ ಏಟಿಗೂ ಬಟ್ಟೆಯ ಮುದ್ದೆ ತಾನೇ ಸ್ವಲ್ಪ ಹೊರಳುತ್ತದೆ. ಆ ಬಾಗು ಸರಿಯಿಲ್ಲದಿದ್ದರೆ ಒಂದೇ ಜಾಗಕ್ಕೆ ಏಟು ಬಿದ್ದು ಬಟ್ಟೆ ಹರಿಯುತ್ತದೆ. ನೀರು ಹೆಚ್ಚು ಬಂದು ಗಾಲಿ ಓಡಿದರೆ ಕೊಡತಿ ಪೂರ್ತಿ ಇಳಿಯುವ ಮೊದಲೇ ಮುಂದಿನ ಹಲ್ಲು ತಾಕುತ್ತದೆ, ಹಲ್ಲು ಮುರಿಯುತ್ತದೆ. ತೂಬನ್ನು ಹಿಡಿತದಲ್ಲಿಡುವುದೇ ಇಲ್ಲಿ ಕೈಚಳಕ.

ಹಾಗಾಗಿ 1300ರ ವಾಕರ್ ಅನೇಕ ಕಡೆ ಗಿರಣಿ ನಡೆಸುವವನು. ಹೆಸರಿನಲ್ಲಿ ಮಾತ್ರ ಹಳೆಯ ಹೊರಳಾಟ ಉಳಿಯಿತು. ಇತಿಹಾಸಕಾರ್ತಿ ಎಲಿನೋರಾ ಕೇರಸ್-ವಿಲ್ಸನ್ 1941ರಲ್ಲಿ ಇದನ್ನು 13ನೇ ಶತಮಾನದ ಕೈಗಾರಿಕಾ ಕ್ರಾಂತಿ ಎಂದೇ ಕರೆದರು. ಬಟ್ಟೆಯ ಉದ್ಯಮ ಬಯಲಿನ ಪಟ್ಟಣಗಳಿಂದ ರಭಸದ ತೊರೆಗಳಿರುವ ಗುಡ್ಡಸೀಮೆಗೆ ಸರಿದದ್ದು ಈ ಗಿರಣಿಗಳಿಂದ ಎಂಬುದು ಅವರ ವಾದ. ನಂತರದ ಇತಿಹಾಸಕಾರರು ಅದನ್ನು ಪೂರ್ತಿ ಒಪ್ಪಿಲ್ಲ, ಕೂಲಿ, ತೆರಿಗೆ, ಪಟ್ಟಣದ ಸಂಘಗಳ ಕಟ್ಟುಪಾಡು ಇವೂ ಕಾರಣ ಎನ್ನುತ್ತಾರೆ. ನನಗೆ ಎರಡನೆಯವರ ಮಾತು ಹೆಚ್ಚು ಸರಿಯೆನಿಸುತ್ತದೆ. ಆದರೆ ಊರಹೆಸರುಗಳ ಮಟ್ಟಿಗೆ ತೊರೆಯೇ ಮುಖ್ಯ.

ಕಾಲಿನ ಮತ್ತು ಕೈಯ ತುಳಿತ ಬಹುಕಾಲ ಉಳಿದದ್ದು ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ. ಅಲ್ಲಿ ಹೆಂಗಸರು ಹಲಗೆಯ ಸುತ್ತ ಕೂತು, ಒದ್ದೆ ಟ್ವೀಡ್ ಬಟ್ಟೆಯನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತ, ಬಲದಿಂದ ಎಡಕ್ಕೆ ಸಾಗಿಸುತ್ತ ಗೇಲಿಕ್ ಹಾಡು ಹೇಳುತ್ತಿದ್ದರು. 20ನೇ ಶತಮಾನದ ನಡುವಿನವರೆಗೂ ಇದು ನಡೆದಿದೆ.

ನಕಾಶೆಗಣ್ಣು:
ಮೂರನೆಯ ಪ್ರಶ್ನೆಗೆ ಉತ್ತರ: ಅವೆಲ್ಲ ಆ ಕಸುಬಿನ ಊರುಗಳಲ್ಲ. ಅರ್ಧದಷ್ಟು ಬರೀ ಹೋಲಿಕೆ. ಇಂದಿನ ಕಾಗುಣಿತ ನೋಡಿ ಅರ್ಥ ಹೇಳಲು ಹೋದರೆ ಇಲ್ಲಿ ಖಂಡಿತ ಮುಗ್ಗರಿಸುತ್ತೇವೆ.

ಮೊದಲು ನಿಜವಾದವು. ಹರ್ಟ್‌ಫರ್ಡ್‌ಷೈರ್‌ನ ವಾಕರ್ನ್ 1086ರ ಡೂಮ್ಸ್‌ಡೇ ಎಂಬ ದೇಶವ್ಯಾಪಿ ಭೂಸಮೀಕ್ಷೆಯಲ್ಲಿ ವಾಲ್ಕ್ರಾ ಎಂದಿದೆ. ಬಟ್ಟೆ ಹೊರಳಿಸುವ ಮನೆ ಎಂದು ಅದರ ಅರ್ಥ. ಕೊನೆಯಲ್ಲಿರುವುದು ಕಟ್ಟಡ ಎಂಬರ್ಥದ ಹಳೆಯ ಪದ. ಊರ ಪಕ್ಕದಲ್ಲೇ ಬೀನ್ ನದಿ ಹರಿಯುತ್ತದೆ. ನೀರುಗಾಲಿ ಅವರು ಹೇಳಿದ 1185ಕ್ಕಿಂತ ನೂರು ವರ್ಷ ಹಿಂದಿನದಾದ್ದರಿಂದ ಆ ಮನೆಯಲ್ಲಿ ನಡೆದದ್ದು ಕಾಲಿನ ತುಳಿತವೇ ಇರಬೇಕು.

ಲಿಂಕನ್‌ಷೈರ್‌ನ ವಾಕರಿತ್, ಟ್ರೆಂಟ್ ನದಿಯ ದಡದ ಹಳ್ಳಿ. ಅರ್ಥ ಬಟ್ಟೆ ತುಳಿಯುವವರ ದೋಣಿಕಟ್ಟೆ. ಇದರ ಎದುರು ದಡದ ಕಡೆ, ನಾಟಿಂಗಮ್‌ಷೈರ್‌ನಲ್ಲಿ, ವಾಕರಿಂಗಮ್ ಎಂಬ ಊರಿದೆ. ಎರಡೂ ಒಂದೇ ಮೂಲದವೆಂದು ಯಾರಿಗಾದರೂ ಅನಿಸುತ್ತದೆ. ಅಲ್ಲ. ವಾಕರಿಂಗಮ್‌ನಲ್ಲಿರುವುದು ವಾಲ್ಹ್‌ಹೆರೆ ಎಂಬ ವ್ಯಕ್ತಿಯ ಹೆಸರು. ಅವನ ಕಡೆಯವರ ಊರು ಎಂದಷ್ಟೇ ಅರ್ಥ.

ಯಾರ್ಕ್‌ಷೈರ್‌ನ ಬೆವರ್ಲಿ ಪಟ್ಟಣದಲ್ಲಿ ವಾಕರ್‌ಗೇಟ್ ಎಂಬ ಬೀದಿ. ಇಲ್ಲಿ ಗೇಟ್ ಎಂದರೆ ಬಾಗಿಲಲ್ಲ, ವೈಕಿಂಗರ ಭಾಷೆಯಲ್ಲಿ ಬೀದಿ. ಬೆಂಗಳೂರಿನ ಕುಂಬಾರಪೇಟೆ, ಗಾಣಿಗರಪೇಟೆ ಇದ್ದಂತೆ ಅದು ಆ ಕಸುಬಿನವರ ಕೇರಿ. ಪಕ್ಕದಲ್ಲಿ ವಾಕರ್‌ಬೆಕ್ ಎಂಬ ತೊರೆಯೂ ಹರಿಯುತ್ತಿತ್ತು.

ಇನ್ನು ಮೋಸ ಮಾಡುವವು. ನ್ಯೂಕಾಸಲ್‌ನ ವಾಕರ್, ಟೈನ್ ನದಿಯ ದಡದಲ್ಲಿ ಹಡಗು ಕಟ್ಟುತ್ತಿದ್ದ ಪ್ರಸಿದ್ಧ ಬಡಾವಣೆ. 1242ರ ದಾಖಲೆಯಲ್ಲಿ ಅದು ವಾಕ್ರೆ. ಬಿಡಿಸಿದರೆ ಗೋಡೆಯ ಪಕ್ಕದ ಜೌಗು. ಯಾವ ಗೋಡೆ? ಹೇಡ್ರಿಯನ್ ಚಕ್ರವರ್ತಿ ಕಟ್ಟಿಸಿದ ರೋಮನ್ ಗೋಡೆ. ಅದರ ಪೂರ್ವದ ಕೊನೆ ಪಕ್ಕದ ವಾಲ್ಸೆಂಡ್‌ನಲ್ಲಿದೆ, ಆ ಹೆಸರೇ ಗೋಡೆಯ ಕೊನೆ ಎನ್ನುತ್ತದೆ. ನ್ಯೂಕಾಸಲ್‌ನಲ್ಲೂ ಒಂದು ವಾಕರ್‌ಗೇಟ್ ಇದೆ. ಅದಕ್ಕೆ ಹೆಸರು ಬಂದದ್ದು ಈ ವಾಕರ್ ಊರಿನಿಂದ. ಅಂದರೆ ಬೆವರ್ಲಿಯ ವಾಕರ್‌ಗೇಟ್‌ಗೂ ನ್ಯೂಕಾಸಲ್‌ನ ವಾಕರ್‌ಗೇಟ್‌ಗೂ ಅಕ್ಷರ ಒಂದೇ, ಮೂಲ ಬೇರೆ.

ಫುಲ್ಲರ್ಟನ್ ಇನ್ನೂ ಸೊಗಸು. ಹ್ಯಾಂಪ್‌ಷೈರ್‌ನ ಫುಲ್ಲರ್ಟನ್ 1086ರಲ್ಲಿ ಫುಗೆಲೆರೆಸ್ಟುನೆ. ಮೊದಲ ಭಾಗ ಫುಗ್‌ಲೆರೆ, ಅಂದರೆ ಹಕ್ಕಿ ಹಿಡಿಯುವವನು. ಇಂದಿನ ಫೌಲರ್ ಎಂಬ ಅಡ್ಡಹೆಸರಿನ ಮೂಲವೂ ಇದೇ. ಸ್ಕಾಟ್ಲೆಂಡಿನ ಏರ್‌ಷೈರ್‌ನ ಫುಲಾರ್ಟನ್‌ನದೂ ಇದೇ ಕಥೆ. ಬಟ್ಟೆಯ ಗಂಧವೂ ಇಲ್ಲ.

ಕಸುಬಿನ ಉಪಕರಣದ ಹೆಸರೂ ಹೀಗೆ ಮೋಸ ಮಾಡುತ್ತದೆ. ತುಳಿದ ಬಟ್ಟೆಯನ್ನು ಎಳೆದು ಒಣಗಿಸುವ ಚೌಕಟ್ಟಿಗೆ ಟೆಂಟರ್ ಎನ್ನುತ್ತಾರೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಟೆಂಟರ್ ಗ್ರೌಂಡ್ ಬೀದಿಗೆ ಹೆಸರು ಬಂದದ್ದು ಅದರಿಂದಲೇ. ಆದರೆ ಕೆಂಟ್‌ನ ಟೆಂಟರ್ಡನ್ ಪಟ್ಟಣ? ಅದು ಥ್ಯಾನೆಟ್ ಸೀಮೆಯವರು ಹಂದಿ ಮೇಯಿಸುತ್ತಿದ್ದ ಕಾಡು. ಟೆಂಟರ್ಡನ್ ಬಟ್ಟೆ ಉದ್ಯಮಕ್ಕೂ ಹೆಸರಾದ ಊರಾದ್ದರಿಂದ ತಪ್ಪು ಅರ್ಥ ಸುಲಭವಾಗಿ ಅಂಟಿಕೊಳ್ಳುತ್ತದೆ.

ಹಿತ್ತಲಬಾಗಿಲು:
ಎಳೆದು ಒಣಗಿಸುವುದು ಏಕೆ? ಕುಗ್ಗಿಸಿದ್ದೇ ದಟ್ಟ ಮಾಡಲು ಅಲ್ಲವೇ?

ತುಪ್ಪಟ:
ತುಳಿದ ಬಟ್ಟೆ ಒಂದೇ ಸಮನಾಗಿ ಕುಗ್ಗಿರುವುದಿಲ್ಲ. ಅಂಚು ಅಲೆಅಲೆಯಾಗಿರುತ್ತದೆ, ನಡುವೆ ಉಬ್ಬಿರುತ್ತದೆ. ಒದ್ದೆಯಿರುವಾಗಲೇ ಎರಡೂ ಅಂಚನ್ನು ಸಾಲು ಕೊಕ್ಕೆಗಳಿಗೆ ಸಿಕ್ಕಿಸಿ, ಕೆಳಗಿನ ಅಡ್ಡಪಟ್ಟಿಯನ್ನು ಇಳಿಸಿ ಗೂಟ ಹಾಕಿದರೆ ಚೌಕವಾಗಿ, ಸಪಾಟಾಗಿ ಒಣಗುತ್ತದೆ. ನೈಋತ್ಯದಲ್ಲಿ ಇದಕ್ಕೆ ರ್‍ಯಾಕ್ ಎನ್ನುತ್ತಿದ್ದರು.

ಇಲ್ಲೇ ವಂಚನೆಗೂ ದಾರಿ. ಅಗತ್ಯಕ್ಕಿಂತ ಹೆಚ್ಚು ಎಳೆದು ಒಂದೆರಡು ಗಜ ಉದ್ದ ಗಿಟ್ಟಿಸುತ್ತಿದ್ದರು. ಕೊಂಡವನ ಮೈಮೇಲೆ ಮೊದಲ ಮಳೆ ಬಿದ್ದಾಗ ಬಟ್ಟೆ ತನ್ನ ಅಳತೆಗೆ ಮರಳುತ್ತಿತ್ತು. ಅತಿಯಾಗಿ ಎಳೆಯುವುದರ ವಿರುದ್ಧ ಇಂಗ್ಲೆಂಡಿನಲ್ಲಿ ಮತ್ತೆ ಮತ್ತೆ ಕಾಯಿದೆ ಬಂದದ್ದು ಇದರಿಂದ.

ಉಣ್ಣೆ ಕೆಲಸದ ಉಳಿದ ಹಂತಗಳೂ ಅಡ್ಡಹೆಸರು ಕೊಟ್ಟಿವೆ. ಟೀಸಲ್ ಎಂಬ ಗಿಡದ ಕೊಕ್ಕೆಮುಳ್ಳಿನ ಒಣ ತಲೆಗಳನ್ನು ಚೌಕಟ್ಟಿಗೆ ಸಿಕ್ಕಿಸಿ ಬಟ್ಟೆಯ ಮೇಲೆ ಎಳೆದು ನವಿರೆಬ್ಬಿಸುತ್ತಿದ್ದರು. ಲೋಹದ ಹಲ್ಲಾದರೆ ಗಂಟು ಸಿಕ್ಕಾಗ ಬಟ್ಟೆ ಹರಿಯುತ್ತದೆ. ಟೀಸಲ್ ಆದರೆ ಮುಳ್ಳೇ ಮುರಿಯುತ್ತದೆ, ಬಟ್ಟೆ ಉಳಿಯುತ್ತದೆ. ಎದ್ದ ನವಿರನ್ನು ಸುಮಾರು ನಾಲ್ಕಡಿ ಉದ್ದದ ಕತ್ತರಿಯಿಂದ ಸಮ ಮಾಡುವವನು ಷಿಯರ್‌ಮನ್. ಅಮೆರಿಕದಲ್ಲಿ ಹೆಸರಾದ ಷರ್ಮನ್ ಇದೇ. ಡೆವನ್ನಿನ ಟೋಜರ್ ಎಂಬ ಹೆಸರು ಉಣ್ಣೆ ಹಿಂಜುವವನದು.

ಹಳೆದಫ್ತರ:
ಎಕ್ಸಿಟರ್ ನಗರದ ಫೋರ್ ಸ್ಟ್ರೀಟ್‌ನಲ್ಲಿ 1471ರಲ್ಲಿ ಕಟ್ಟಿದ ಟಕ್ಕರ್ಸ್ ಹಾಲ್ ಈಗಲೂ ನಿಂತಿದೆ. ಸಂಘದ ಅಧಿಕೃತ ಹೆಸರಿನಲ್ಲಿ ನೇಕಾರರು, ಫುಲ್ಲರರು, ಷಿಯರ್‌ಮನ್ನರು ಎಂದಿದೆ. ಕಟ್ಟಡವನ್ನು ಊರು ಕರೆಯುವುದು ಟಕ್ಕರ್ಸ್ ಹಾಲ್ ಎಂದು. ಬರಹದ ಪದ ಫುಲ್ಲರ್, ಬಾಯಿಯ ಪದ ಟಕ್ಕರ್. ಲ್ಯಾಟಿನ್ ಗುಮಾಸ್ತರ ಬಗ್ಗೆ ಮೇಲೆ ಹೇಳಿದ್ದನ್ನು ಇದರ ಜೊತೆ ಇಟ್ಟು ನೋಡಿ.

ಚಿನ್ನದಗಣಿ:
ಟಕಿಂಗ್‌ಮಿಲ್ ಬಗ್ಗೆ ಯಾರೂ ಹೇಳಲಿಲ್ಲ. ಈ ಹೆಸರಿನ ಎರಡು ಜಾಗ ನನಗೆ ಮುಖ್ಯವೆನಿಸುತ್ತವೆ. ಎರಡರಲ್ಲೂ ಹೆಸರು ಬಟ್ಟೆಯ ಗಿರಣಿಯದು, ಖ್ಯಾತಿ ಬೇರೆಯದರದು.

ಒಂದು ಕಾರ್ನ್‌ವಾಲ್‌ನ ಕ್ಯಾಂಬೋರ್ನ್ ಪಕ್ಕದ ಟಕಿಂಗ್‌ಮಿಲ್. ತಾಮ್ರ, ತವರದ ಗಣಿಗಳ ಸೀಮೆ. ಬಂಡೆ ಸಿಡಿಸಲು ಮದ್ದು ತುಂಬಿ, ಜೊಂಡಿನಲ್ಲೋ ಗರಿಯ ನಳಿಗೆಯಲ್ಲೋ ಮದ್ದಿಟ್ಟು ಬೆಂಕಿ ಮುಟ್ಟಿಸುತ್ತಿದ್ದರು. ಅದು ಕೆಲವೊಮ್ಮೆ ಥಟ್ಟನೆ ಉರಿದು ಆಳನ್ನೇ ಕೊಲ್ಲುತ್ತಿತ್ತು, ಕೆಲವೊಮ್ಮೆ ಆರಿದಂತೆ ಕಂಡು, ನೋಡ ಹೋದವನ ಮುಖಕ್ಕೆ ಸಿಡಿಯುತ್ತಿತ್ತು. ವಿಲಿಯಂ ಬಿಕ್‌ಫರ್ಡ್ ಎಂಬ ಚರ್ಮದ ವ್ಯಾಪಾರಿ 1831ರಲ್ಲಿ ಸುರಕ್ಷಿತ ಬತ್ತಿಗೆ ಪೇಟೆಂಟ್ ಪಡೆದರು. ನಡುವೆ ಮದ್ದಿನ ಸಣ್ಣ ಎಳೆ, ಸುತ್ತ ಹುರಿ ಹೊಸೆದ ಸೆಣಬಿನ ನೂಲು, ಮೇಲೆ ಟಾರಿನ ಲೇಪ. ಉದ್ದಕ್ಕೆ ತಕ್ಕಷ್ಟೇ ಹೊತ್ತು ಉರಿಯುತ್ತದೆ, ಹಾಗಾಗಿ ದೂರ ಹೋಗಲು ಎಷ್ಟು ಸಮಯ ಬೇಕೆಂದು ಲೆಕ್ಕ ಹಾಕಿ ಕತ್ತರಿಸಬಹುದು. ಅದರ ಕಾರ್ಖಾನೆ ನಡೆದದ್ದು ಟಕಿಂಗ್‌ಮಿಲ್‌ನಲ್ಲಿ.

ಕೋಲಾರದ ಗಣಿಗಳನ್ನು 1880ರಿಂದ ನಡೆಸಿದ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಾರ್ನ್‌ವಾಲ್‌ನ ಗಣಿಗಳಲ್ಲಿ ಪಳಗಿದ ಕಂಪನಿ. ಅವರ ಜೊತೆ ಕಾರ್ನಿಷ್ ಗಣಿಕಾರರೂ ಕೆಜಿಎಫ್‌ಗೆ ಬಂದರು. ಅಲ್ಲಿನ ಹಳೆಯ ಸಮಾಧಿ, ಚರ್ಚಿನ ಪುಸ್ತಕಗಳಲ್ಲಿ ಹೆಸರು ಓದುವವರಿಗೆ ಈ ಚರ್ಚೆಯ ಸೀಮೆವಾರು ಹಂಚಿಕೆ ಉಪಯೋಗಕ್ಕೆ ಬರುತ್ತದೆ. ನೈಋತ್ಯ ಇಂಗ್ಲೆಂಡಿನ ಕಸುಬಿನ ಹೆಸರು ಕಂಡರೆ ಕಾರ್ನ್‌ವಾಲ್, ಡೆವನ್ನಿನ ದಾಖಲೆಗಳಿಂದಲೇ ಹುಡುಕಲು ಶುರುಮಾಡಿ. ಅಂದಹಾಗೆ ಟೇಲರ್ ಕೂಡ ಕಸುಬಿನದೇ, ಫ್ರೆಂಚಿನಲ್ಲಿ ಕತ್ತರಿಸುವವನು. ಸುರಪುರದ ಟೇಲರ್ ಮಂಜಿಲ್‌ಗೆ ಹೆಸರು ಕೊಟ್ಟ ಫಿಲಿಪ್ ಮೆಡೋಸ್ ಟೇಲರ್‌ರದೂ ಅದೇ ಅಡ್ಡಹೆಸರು. ರಾಬರ್ಟ್‌ಸನ್‌ಪೇಟೆ, ಆ್ಯಂಡರ್‌ಸನ್‌ಪೇಟೆ ಮಾತ್ರ ಈ ಸಾಲಿಗೆ ಸೇರವು. ಆ ಅಡ್ಡಹೆಸರುಗಳು ಅಪ್ಪನ ಹೆಸರಿನಿಂದ ಹುಟ್ಟಿದವು.

ಎರಡನೆಯದು ಬಾತ್ ನಗರದ ಬಳಿಯ ಮಿಡ್‌ಫರ್ಡ್‌ನ ಟಕಿಂಗ್ ಮಿಲ್. ಇಂಗ್ಲೆಂಡಿನ ಭೂವಿಜ್ಞಾನದ ಪಿತಾಮಹ ಎನಿಸಿಕೊಂಡ ವಿಲಿಯಂ ಸ್ಮಿತ್ 1798ರಲ್ಲಿ ಇಲ್ಲಿ ಸಣ್ಣ ಆಸ್ತಿ ಕೊಂಡರು. ಬಂಡೆಗಳ ಪದರಗಳನ್ನು ಕ್ರಮವಾಗಿ ಗುರುತಿಸಿ 1815ರಲ್ಲಿ ಇಂಗ್ಲೆಂಡಿನ ಭೂಪದರಗಳ ನಕಾಶೆ ತಂದವರು ಇವರೇ. ಅವರು ಗುರುತಿಸಿದ ಪದರಗಳಲ್ಲೊಂದರ ಹೆಸರು ಫುಲ್ಲರ್ಸ್ ಅರ್ಥ್! ತುಪ್ಪಟ ಅವರು ಹೇಳಿದ ಜೇಡಿಯ ಪದರ ಬಾತ್ ಸುತ್ತ ಭೂಮಿಯಲ್ಲೇ ಇದೆ. ಗಿರಣಿಯ ಪಕ್ಕದಲ್ಲೇ ಮಣ್ಣು, ಮಣ್ಣಿನ ಪಕ್ಕದಲ್ಲೇ ತೊರೆ, ಆಚೆ ಕುರಿಗಳ ಬೆಟ್ಟ. ಬಟ್ಟೆಯ ಉದ್ಯಮ ಅಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಸರ್ರೆಯ ನಟ್‌ಫೀಲ್ಡ್, ಬೆಡ್‌ಫರ್ಡ್‌ಷೈರ್‌ನ ವೊಬರ್ನ್ ಸುತ್ತ ಕೂಡ ಈ ಮಣ್ಣು ತೆಗೆಯುತ್ತಿದ್ದರು. ಪರದೇಶದ ನೇಕಾರರಿಗೆ ಸಿಗಬಾರದೆಂದು 17ನೇ ಶತಮಾನದಲ್ಲಿ ಅದರ ರಫ್ತನ್ನೇ ನಿಷೇಧಿಸಿದ್ದರು.

ನೀರುಗಾಲಿ:
ವೇಲ್ಸ್ ಬಿಟ್ಟುಹೋಗಬಾರದು. ವೆಲ್ಷ್ ಭಾಷೆಯಲ್ಲಿ ಈ ಗಿರಣಿಗೆ ಪಂಡಿ. ನಕಾಶೆಯಲ್ಲಿ ಪಂಡಿ ಎಂಬ ಹಳ್ಳಿಗಳು ಹಲವು. 1910ರ ಗಣಿ ಕಾರ್ಮಿಕರ ಹೋರಾಟದಿಂದ ಹೆಸರಾದ ಟೊನಿಪಂಡಿ ಎಂದರೆ ಆ ಗಿರಣಿಯ ಹುಲ್ಲುಗಾವಲು. ಕಲ್ಲಿದ್ದಲು ಬರುವ ಮೊದಲು ಆ ಕಣಿವೆಯಲ್ಲಿ ಇದ್ದದ್ದು ಕುರಿ, ತೊರೆ, ಗಿರಣಿ.

ಪದಕಣಜ:
ಅಮೆರಿಕದಲ್ಲೂ ವಾಕರ್, ಟಕ್ಕರ್ಟನ್, ಫುಲ್ಲರ್ಟನ್ ಬಹಳ. ಅವನ್ನು ಹೇಗೆ ನೋಡಬೇಕು?

ನಕಾಶೆಗಣ್ಣು:
ಅಲ್ಲಿ ಕಸುಬು ನೇರವಾಗಿ ಊರಾಗಿಲ್ಲ. ನಡುವೆ ಒಬ್ಬ ವ್ಯಕ್ತಿ ಇದ್ದಾನೆ, ಅವನನ್ನು ಹುಡುಕಬೇಕು. ನ್ಯೂಜೆರ್ಸಿಯ ಟಕ್ಕರ್ಟನ್‌ಗೆ ಅಲ್ಲಿನ ಬಂದರಿನ ಸುಂಕಾಧಿಕಾರಿಯಾಗಿದ್ದ ಎಬೆನೀಜರ್ ಟಕ್ಕರ್ ಹೆಸರು. ಬರ್ಮುಡಾದ ಟಕ್ಕರ್ಸ್ ಟೌನ್‌ಗೆ 17ನೇ ಶತಮಾನದ ಗವರ್ನರ್ ಡೇನಿಯಲ್ ಟಕ್ಕರ್. ಕ್ಯಾಲಿಫೋರ್ನಿಯಾದ ವಾಕರ್ ಕಣಿವೆದಾರಿಗೆ 1834ರಲ್ಲಿ ಅದನ್ನು ದಾಟಿದ ಜೋಸೆಫ್ ವಾಕರ್.

ಫುಲ್ಲರ್ಟನ್‌ನ ಸರಪಳಿ ಉದ್ದ. ಹಕ್ಕಿ ಹಿಡಿಯುವವನಿಂದ ಹಳ್ಳಿ, ಹಳ್ಳಿಯಿಂದ ಅಡ್ಡಹೆಸರು, ಅಡ್ಡಹೆಸರಿನವರಿಂದ ಮತ್ತೆ ಊರು. 1887ರಲ್ಲಿ ಅಮೆರಿಜ್ ಸೋದರರು ಹಾಕಿದ ಕ್ಯಾಲಿಫೋರ್ನಿಯಾದ ಪಟ್ಟಣಕ್ಕೆ ರೈಲು ಮಾರ್ಗದ ಭೂ ಕಂಪನಿಯ ಅಧ್ಯಕ್ಷ ಜಾರ್ಜ್ ಫುಲ್ಲರ್ಟನ್ ಹೆಸರಿಟ್ಟರು. ಸಿಂಗಪುರದಲ್ಲಿ ನಮ್ಮವರು ಫೋಟೊ ತೆಗೆಸಿಕೊಳ್ಳುವ ಫುಲ್ಲರ್ಟನ್ ಹೋಟೆಲಿನ ಹೆಸರು ಸಿಂಗಪುರವೂ ಸೇರಿದ್ದ ಸ್ಟ್ರೇಟ್ಸ್ ಸೆಟ್ಲ್‌ಮೆಂಟ್ಸ್ ವಸಾಹತಿನ ಮೊದಲ ಗವರ್ನರ್ ರಾಬರ್ಟ್ ಫುಲ್ಲರ್ಟನ್‌ರದು. ಅವರು ಅದಕ್ಕೆ ಮೊದಲು ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದವರು.

ವ್ಯಕ್ತಿಯೂ ಬದಲಾಗಬಹುದು. ಟೆಕ್ಸಸ್‌ನ ವಾಕರ್ ಕೌಂಟಿಗೆ 1846ರಲ್ಲಿ ರಾಬರ್ಟ್ ವಾಕರ್ ಎಂಬ ರಾಜಕಾರಣಿಯ ಹೆಸರಿಟ್ಟರು. ಅಂತರ್ಯುದ್ಧದಲ್ಲಿ ಆತ ಉತ್ತರದ ಪಕ್ಷ ಹಿಡಿದರು. 1863ರಲ್ಲಿ ಟೆಕ್ಸಸ್‌ನವರು ಹೆಸರನ್ನು ಹಾಗೇ ಉಳಿಸಿ, ಇದು ಇನ್ನು ಮೇಲೆ ಸ್ಯಾಮ್ಯುಯೆಲ್ ವಾಕರ್ ಎಂಬ ಯೋಧನ ಗೌರವಕ್ಕೆ ಎಂದು ಘೋಷಿಸಿದರು. ನಕಾಶೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಹಿತ್ತಲಬಾಗಿಲು:
ಆಸ್ಟ್ರೇಲಿಯಾದವರು ಊಟಕ್ಕೆ ಟಕ್ಕರ್ ಎನ್ನುತ್ತಾರೆ. ಕಮ್ಮಾರರ ಒಂದು ಉಪಕರಣಕ್ಕೆ ಫುಲ್ಲರ್ ಎನ್ನುತ್ತಾರೆ. ಅವೂ ಇದೇ ಮೂಲವೇ? ಹಿಂದಿಯ ಜಾನಿ ವಾಕರ್?

ಹಳೆದಫ್ತರ:
ಕಮ್ಮಾರರ ಫುಲ್ಲರ್‌ಗೆ ಈ ಕಸುಬಿನೊಂದಿಗೆ ಸಂಬಂಧವಿದೆಯೇ ಎಂಬುದು ಖಚಿತವಿಲ್ಲ. ಊಟದ ಟಕ್ಕರ್ ಬಂದದ್ದು ಗಬಕ್ಕನೆ ತಿನ್ನು ಎಂಬ ಆಡುಮಾತಿನಿಂದ, ಅಡ್ಡಹೆಸರಿನಿಂದಲ್ಲ. ಜಾನಿ ವಾಕರ್ ಮಾತ್ರ ಹೌದು, ಸುತ್ತಿಬಳಸಿ. ಸ್ಕಾಟ್ಲೆಂಡಿನ ಕಿಲ್‌ಮಾರ್ನಾಕ್‌ನಲ್ಲಿ ಅಂಗಡಿಯಿಟ್ಟ ಜಾನ್ ವಾಕರ್‌ರ ಹೆಸರು ವಿಸ್ಕಿಗೆ, ವಿಸ್ಕಿಯ ಹೆಸರು ನಟ ಬದ್ರುದ್ದೀನ್ ಕಾಜಿ ಅವರಿಗೆ. ವಿಸ್ಕಿ ಬಾಟಲಿಯ ಮೇಲೆ ದಾಪುಗಾಲು ಹಾಕಿ ನಡೆಯುವ ಮನುಷ್ಯನ ಚಿತ್ರ ಹಾಕಿದ್ದರಿಂದ ವಾಕರ್ ಎಂದರೆ ನಡೆಯುವವನು ಎಂಬ ತಪ್ಪು ಅರ್ಥ ಜಗತ್ತಿನ ತುಂಬ ಗಟ್ಟಿಯಾಯಿತು.

ಇನ್ನು ಮೂರು ಎಚ್ಚರಿಕೆ ಹೇಳಬೇಕು. ಐರ್ಲೆಂಡಿನ ಕೆಲವು ಟಕ್ಕರ್‌ಗಳು ಓ ಟುವಾಹರ್ ಎಂಬ ಗೇಲಿಕ್ ಮನೆತನದವರು, ಹೆಸರನ್ನು ಇಂಗ್ಲಿಷ್ ಕಿವಿಗೆ ಹೊಂದಿಸಿಕೊಂಡವರು. ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಕೆಲವು ವಾಕರ್‌ಗಳು ಮ್ಯಾಕ್ ಅನ್ ಊಕದರ್ ಎಂಬುದನ್ನು ಅನುವಾದಿಸಿಕೊಂಡವರು, ಅರ್ಥ ಬಟ್ಟೆ ತುಳಿಯುವವನ ಮಗ. ಅಮೆರಿಕದ ಕಪ್ಪು ಜನರಲ್ಲಿ ವಾಕರ್, ಟಕ್ಕರ್ ಹೆಸರುಗಳಿದ್ದರೆ ಅದರಿಂದ ಅವರ ಪೂರ್ವಜರ ಕಸುಬು ತಿಳಿಯುವುದಿಲ್ಲ. ಎಷ್ಟೋ ಸಲ ಅದು ಅವರನ್ನು ಗುಲಾಮರಾಗಿ ಇಟ್ಟುಕೊಂಡವನ ಹೆಸರು. ಅಲ್ಲಿ ಯಾರ್ಕ್‌ಷೈರ್‌ನ ಗಿರಣಿ ಹುಡುಕುವುದು ಅವರ ಇತಿಹಾಸಕ್ಕೆ ಮಾಡುವ ಅನ್ಯಾಯ.

ಪದಕಣಜ:
ಹಾಗಾದರೆ ಹೊಸದೊಂದು ಊರಹೆಸರು ಎದುರಾದರೆ ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?

ನಕಾಶೆಗಣ್ಣು:
ಮೊದಲು ಅತಿ ಹಳೆಯ ಕಾಗುಣಿತ. 1086ರದು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ 13ನೇ ಶತಮಾನದ್ದಾದರೂ ಬೇಕು. ಒಂದೇ ರೂಪ ನೆಚ್ಚಬೇಡಿ. ಡೂಮ್ಸ್‌ಡೇ ಬರೆದ ಗುಮಾಸ್ತರು ಫ್ರೆಂಚ್ ಕಿವಿಯವರು, ಇಂಗ್ಲಿಷ್ ದನಿಗಳನ್ನು ತಪ್ಪಾಗಿ ಬರೆದಿರುತ್ತಾರೆ. ಎರಡು ಮೂರು ರೂಪ ಒಂದೇ ಕಡೆ ಬೆರಳು ತೋರಿಸಬೇಕು. ವಾಕರ್‌ನಂಥ ಹೆಸರಿನಲ್ಲಿ ನೋಡಬೇಕಾದದ್ದು ನಡುವೆ ಲಕಾರ ಬರುತ್ತದೆಯೇ, ಕೊನೆಯಲ್ಲಿ ಕಟ್ಟಡ, ಕಟ್ಟೆ, ಬೀದಿ ಎಂಬ ಇನ್ನೊಂದು ಪದ ಇದೆಯೇ ಎಂದು. ಬರಿಯ ವಾಕರ್ ಒಂದೇ ಊರಾಗಿದ್ದರೆ ಅನುಮಾನಿಸಿ. ಕಸುಬಿನವನ ಹೆಸರು ಸಾಮಾನ್ಯವಾಗಿ ಒಂಟಿಯಾಗಿ ಊರಾಗುವುದಿಲ್ಲ.

ಆಮೇಲೆ ನೆಲ. ದೊಡ್ಡ ಅಳತೆಯ ಹಳೆಯ ನಕಾಶೆಯಲ್ಲಿ ಗಿರಣಿಯ ಕಾಲುವೆ, ಕಟ್ಟೆ, ಟೆಂಟರ್ ಅಥವಾ ರ್‍ಯಾಕ್ ಎಂಬ ಹೊಲದ ಹೆಸರು ಇದೆಯೇ ನೋಡಿ. ಬಟ್ಟೆ ಒಣಗಿಸಲು ಗಾಳಿ ಬಿಸಿಲಿನ ಇಳಿಜಾರು ಬೇಕಿತ್ತು, ಹಾಗಾಗಿ ಆ ಹೊಲಗಳು ಗಿರಣಿಯಿಂದ ಕೊಂಚ ಮೇಲೆ, ದಕ್ಷಿಣಕ್ಕೆ ಮುಖ ಮಾಡಿದ ದಿಬ್ಬದಲ್ಲಿ ಇರುತ್ತವೆ.

ಕೊನೆಗೆ ಕಾಲ. ಆ ಊರಿನ ಮೊದಲ ದಾಖಲೆ ಅಡ್ಡಹೆಸರುಗಳು ಗಟ್ಟಿಯಾಗುವ ಮೊದಲಿನದಾದರೆ ಹೆಸರು ಕಸುಬಿನಿಂದ ಬಂದಿರಬೇಕು, ಇಲ್ಲವೇ ವಾಕರಿಂಗಮ್‌ನಂತೆ ಬೇರೆಯದೇ ಮೂಲದ್ದು. 1600ರ ನಂತರದ ಊರಾದರೆ ಕೋಶ ಮುಚ್ಚಿಟ್ಟು ಜಮೀನಿನ ಪತ್ರ ತೆಗೆಯಿರಿ, ಅಲ್ಲಿ ಒಬ್ಬ ವಾಕರ್ ಅಥವಾ ಟಕ್ಕರ್ ಮಾಲೀಕ ಸಿಗುವ ಸಾಧ್ಯತೆಯೇ ಹೆಚ್ಚು.